ಸಿನ್ಸಿನ್ಯಾಟಿ, ಲೆಸ್ಟರ್, ಕೀವ್: ಹೊರದೇಶದ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಮೈಸೂರಿನ ಸೋದರಿ ನಗರಗಳಲ್ಲಿ ಒಂದು, ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನ್ಯಾಟಿ. ಅಲ್ಲಿಗೆ ಓದಲು ಹೊರಟವರೂ ಈ ಹೆಸರನ್ನು ‘ಸಿನ್ಸಿನಾಟಿ’ ಎಂದು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಹೇಳುವುದುಂಟು. ಅಲ್ಲಿಯವರಿಗೆ ಅದು ತಕ್ಷಣ ತಿಳಿಯುವುದಿಲ್ಲ. ‘ನ್ಯಾ’ ಹೋಗಿ ‘ನಾ’ ಬಂದದ್ದು ಸಣ್ಣ ತಪ್ಪು. ಒತ್ತು, ಅಂದರೆ ಒಂದು ಅಕ್ಷರವನ್ನು ಉಳಿದವಕ್ಕಿಂತ ದನಿ ಏರಿಸಿ ಹೇಳುವುದು, ಎಲ್ಲೂ ಬೀಳದಿರುವುದೇ ದೊಡ್ಡ ತಪ್ಪು.

ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆದುಕೊಳ್ಳಿ: ಸಿನ್–ಸಿ–ನ್ಯಾ–ಟಿ. ‘ನ್ಯಾ’ ಕೆಳಗೆ ಗೆರೆ ಎಳೆಯಿರಿ. ಹೇಳುವಾಗ ಅಲ್ಲಿ ದನಿ ಏರಬೇಕು, ಉಳಿದ ಮೂರು ಬೇಗ ಸರಿದುಹೋಗಬೇಕು. ನಮ್ಮ ಲಿಪಿ ಹ್ರಸ್ವ–ದೀರ್ಘವನ್ನು ಇಂಗ್ಲಿಷ್ ಕಾಗುಣಿತಕ್ಕಿಂತ ಎಷ್ಟೋ ಚೆನ್ನಾಗಿ ತೋರಿಸುತ್ತದೆ, ಆದರೆ ಒತ್ತನ್ನು ತೋರಿಸುವುದಿಲ್ಲ. ಆ ಕೊರತೆಯನ್ನು ಗೆರೆ ತುಂಬುತ್ತದೆ. ಒತ್ತು ಎಲ್ಲಿ ಎಂದು ನಿಘಂಟಿನಲ್ಲಿ ನೋಡಿ. ಮೆರಿಯಮ್–ವೆಬ್‌ಸ್ಟರ್ ಜಾಲತಾಣದಲ್ಲಿ ಊರುಗಳ ಹೆಸರೂ ಇವೆ, ಧ್ವನಿಯೂ ಇದೆ. ಉಚ್ಚಾರಣೆಯ ಬರಹದಲ್ಲಿ ಮೇಲೆ ಸಣ್ಣದೊಂದು ನಿಂತ ಗೀಟು ಕಾಣುತ್ತದೆ. ಒತ್ತು ಬೀಳುವುದು ಗೀಟಿನ ಹಿಂದಿನ ಅಕ್ಷರಕ್ಕಲ್ಲ, ಅದಾದ ಮೇಲೆ ಬರುವ ಅಕ್ಷರಕ್ಕೆ. ಇದನ್ನು ತಿರುಗುಮುರುಗಾಗಿ ಓದುವವರು ಬಹಳ.

ಒತ್ತು ಇಲ್ಲದ ಕಡೆ ಸ್ವರ ಸಣ್ಣಗಾಗುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಅಲ್ಲಿಯವರ ಬಾಯಲ್ಲಿ ಹೆಚ್ಚುಕಡಿಮೆ ‘ಮೆಲ್–ಬನ್’. ಬ್ರಿಸ್ಬೇನ್ ಎಂದು ನಾವು ಬರೆಯುವ ಊರು ‘ಬ್ರಿಜ಼್–ಬನ್’. ಜ ಮತ್ತು ಫ ಕೆಳಗೆ ಚುಕ್ಕಿ ಇಟ್ಟು ಬರೆಯುವ ಅಭ್ಯಾಸ ಇಲ್ಲಿ ನೆರವಾಗುತ್ತದೆ.

ಕಾಗುಣಿತವನ್ನು ನಂಬಿ ಓದಬಾರದು. ಎಂ, ಎ, ಎನ್, ಡಿ, ವೈ, ಎ ಎಂದು ಬರೆದ ನಮ್ಮ ಮಂಡ್ಯವನ್ನು ಹೊರಗಿನವರು ‘ಮ್ಯಾನ್‌ಡಿಯಾ’ ಎಂದು ಓದಿದರೆ ಅವರ ತಪ್ಪೇನೂ ಅಲ್ಲ. ಆ ಆರು ಅಕ್ಷರಗಳಲ್ಲಿ ನಮ್ಮ ‘ಡ್ಯ’ ಕಾಣುವುದೇ ಇಲ್ಲ. ಇಂಗ್ಲೆಂಡಿನ ಊರುಗಳಲ್ಲಿ ನಮಗೂ ಹಾಗೆಯೇ ಆಗುತ್ತದೆ. ಲೆಸ್ಟರ್, ಗ್ಲಾಸ್ಟರ್, ವುಸ್ಟರ್ ಮೂರರಲ್ಲೂ ನಡುವಿನ ಸಿ, ಇ ಅಕ್ಷರಗಳು ಬರವಣಿಗೆಗೆ ಮಾತ್ರ. ಹಾಗೆಂದು ಅದನ್ನೇ ನಿಯಮ ಮಾಡಿಕೊಂಡರೆ ಸೈರನ್‌ಸೆಸ್ಟರ್‌ನಲ್ಲಿ ಎಡವುತ್ತೀರಿ, ಅದನ್ನು ಪೂರ್ತಿಯಾಗಿ ಹೇಳುತ್ತಾರೆ. ಗ್ರೆನಿಚ್‌ನಲ್ಲಿ ‘ವ’ ಇಲ್ಲ, ಇಪ್ಸ್‌ವಿಚ್‌ನಲ್ಲಿ ಇದೆ. ಎಡಿನ್‌ಬರ (ಸ್ಕಾಟ್ಲೆಂಡಿನದು) ಎನ್ನುವಾಗ ಕೊನೆಯ ‘ಗ್’ ಬರುವುದಿಲ್ಲ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬರುತ್ತದೆ. ಒಂದೇ ಕಾಗುಣಿತದ ಎರಡು ಊರುಗಳನ್ನೂ ನೋಡಿ: ಈಜಿಪ್ಟಿನದು ಕೈರೊ, ಇಲಿನಾಯ್ ರಾಜ್ಯದ್ದು ಕೇರೊ. ಪೆರುವಿನದು ಲೀಮಾ, ಓಹಾಯೊದ್ದು ಲೈಮಾ.

ನಮ್ಮ ನಾಲಗೆಯ ರೂಢಿಯೂ ಸೇರಿಕೊಳ್ಳುತ್ತದೆ. ಮಂಡ್ಯದ ಕಡೆ ಹಾಲು ‘ಆಲು’ ಆಗುವುದು ಅಲ್ಲಿನ ಮಾತಿನ ಸೊಗಸು, ಆದರೆ ಹ್ಯೂಸ್ಟನ್ ‘ಯೂಸ್ಟನ್’ ಆದರೆ ಲಂಡನ್ನಿನ ರೈಲು ನಿಲ್ದಾಣವೊಂದರ ಹೆಸರಾಗುತ್ತದೆ. ಒಂದು ‘ವಂದು’ ಆಗುವ ಹಾಗೆ ಓಸ್ಲೊ ‘ವೋಸ್ಲೊ’ ಆಗದಂತೆ, ಎಡಿನ್‌ಬರ ‘ಯೆಡಿನ್‌ಬರ’ ಆಗದಂತೆ ನೋಡಿಕೊಳ್ಳಿ. ಲಂಡನ್ನು, ಪ್ಯಾರಿಸ್ಸು ಎಂದು ಉಕಾರ ಸೇರಿಸುವುದು ಕನ್ನಡ ವಾಕ್ಯದಲ್ಲಿ ಸರಿ, ಇಂಗ್ಲಿಷಿನಲ್ಲಿ ಬೇಡ. ಒಂದು ಕಡೆ ಮಾತ್ರ ನಾವೇ ಮುಂದೆ: ಬೀಜಿಂಗ್‌ನ ‘ಜ’ವನ್ನು ಎಷ್ಟೋ ಇಂಗ್ಲಿಷರು ಫ್ರೆಂಚರಂತೆ ಮೆತ್ತಗೆ ಹೇಳುತ್ತಾರೆ. ಚೀನೀ ಉಚ್ಚಾರಕ್ಕೆ ನಮ್ಮ ‘ಜ’ ಹೆಚ್ಚು ಹತ್ತಿರ, ಅದನ್ನು ಬಿಡಬೇಡಿ.

ಇನ್ನು ಯಾವ ಹೆಸರು ಬಳಸಬೇಕು? ಇಂಗ್ಲಿಷ್ ಮಾತಿನಲ್ಲಿ ಇಂಗ್ಲಿಷಿನಲ್ಲಿ ನೆಲೆಯಾದ ರೂಪವೇ ಸಹಜ: ಮ್ಯೂನಿಕ್, ಫ್ಲಾರೆನ್ಸ್, ವಿಯೆನ್ನಾ. ನಡುವೆ ಪ್ಯಾರಿಸ್ಸನ್ನು ಫ್ರೆಂಚರಂತೆ ‘ಪಾರಿ’ ಎಂದರೆ ಕೃತಕವಾಗಿ ಕೇಳುತ್ತದೆ. ಆದರೆ ರೈಲು ಹತ್ತುವಾಗ ಬೋರ್ಡಿನಲ್ಲಿ ಇರುವುದು ಮ್ಯುನ್ಶೆನ್, ಫಿರೆಂತ್ಸೆ, ವೀನ್. ಪ್ರಯಾಣದ ಚೀಟಿಯಲ್ಲಿ ಎರಡೂ ರೂಪ ಬರೆದಿಟ್ಟುಕೊಳ್ಳಿ.

ಊರಿನವರೇ ಇಂಗ್ಲಿಷ್ ರೂಪ ಬದಲಿಸಿ ಎಂದು ಕೇಳಿದ್ದರೆ ಬದಲಿಸಬೇಕು, ಅದು ಮರ್ಯಾದೆಯ ಮಾತು. ಉಕ್ರೇನಿನ ರಾಜಧಾನಿಗೆ ರಷ್ಯನ್ ಮೂಲದ ‘ಕೀಯೆವ್’ ಎಂಬ ಹಳೆಯ ಕಾಗುಣಿತ ಬಿಟ್ಟು, 2019ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಮತ್ತು ಬಿಬಿಸಿ ಉಕ್ರೇನಿ ರೂಪ ಹಿಡಿದವು. ಹೇಳುವುದು ‘ಕೀ–ಯಿವ್’ ಅಥವಾ ಬರೀ ‘ಕೀವ್’. ಅದೇ ರೀತಿ ಖಾರ್ಕೊವ್ ಈಗ ಖಾರ್ಕಿವ್. ಸಂಸ್ಥೆಯ ಹೆಸರನ್ನು ಮಾತ್ರ ತಿದ್ದಬೇಡಿ. ನಮ್ಮ ಮೈಸೂರು ನಗರದ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದರೂ ಮೈಸೂರು ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ‘ಯೂನಿವರ್ಸಿಟಿ ಆಫ್ ಮೈಸೋರ್’ ಆಗಿಯೇ ಇದೆ. ಬೀಜಿಂಗ್‌ನಲ್ಲಿರುವ ಪೀಕಿಂಗ್ ವಿಶ್ವವಿದ್ಯಾಲಯವೂ ಹಾಗೆಯೇ.

ವಿಮಾನದ ಟಿಕೆಟ್ ಮಾಡಿಸುವಾಗ ಹೆಸರಿನ ಜೊತೆ ದೇಶವನ್ನೂ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತವನ್ನೂ ಹೇಳಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಜ಼ೇ ಎಸ್‌ಜೆಸಿ, ಕೋಸ್ಟರಿಕಾದ ಸ್ಯಾನ್ ಹೊಜ಼ೇ ಎಸ್‌ಜೆಒ. ಎರಡರಲ್ಲೂ ಒತ್ತು ಕೊನೆಯ ‘ಜ಼ೇ’ ಮೇಲೆ.