ಮಧ್ಯಾಹ್ನದ ಬಿಸಿಲನ್ನು ಗೀಸರ್‌ನಲ್ಲಿ ಕೂಡಿಟ್ಟೆ: ನನ್ನ ಅನುಭವ

"ಬ್ಯಾಟರಿ ಹಾಕಿಸಿ, ಗೀಸರ್ ನಂಬಿಕೊಂಡರೆ ಆಗಲ್ಲ." ಚಾವಣಿಯ ಸೋಲಾರ್ ಕರೆಂಟಿನಲ್ಲಿ ಮಿಕ್ಕಿದ್ದನ್ನು ಬಿಸಿನೀರಾಗಿ ಕೂಡಿಡುತ್ತೇನೆ ಎಂದಾಗ ನನಗೆ ಎಲ್ಲರೂ ಹೇಳಿದ್ದು ಇದೇ. ಈಗ ಒಂದೂವರೆ ವರ್ಷದಿಂದ ಗೀಸರ್ ನಂಬಿಕೊಂಡೇ ಇದ್ದೇನೆ, ಚೆನ್ನಾಗಿಯೇ ನಡೆದಿದೆ.

ಚಾವಣಿ ಮೇಲೆ 3 ಕಿಲೋವಾಟ್ ಸೋಲಾರ್ ಪ್ಯಾನೆಲ್. ದಿನಕ್ಕೆ ಹೆಚ್ಚು ಕಮ್ಮಿ 12 ಯೂನಿಟ್ ಬರುತ್ತದೆ. ಅದರಲ್ಲಿ ಮನೆಗೆ ಬಳಕೆಯಾಗುತ್ತಿದ್ದದ್ದು ಮೂರರಲ್ಲೊಂದು ಪಾಲು. ಉಳಿದದ್ದು ಗ್ರಿಡ್‌ಗೆ, ಅಂದರೆ ಕರೆಂಟ್ ಕಂಪನಿಯ ಲೈನ್‌ಗೆ. ಕೊಟ್ಟ ಯೂನಿಟ್‌ಗೆ ಸಿಗುವುದು, ರಾತ್ರಿ ಅದನ್ನೇ ಕೊಳ್ಳುವ ದರದ ಅರ್ಧಕ್ಕಿಂತ ಕಮ್ಮಿ. 100 ಲೀಟರ್ ನೀರು 30 ಡಿಗ್ರಿ ಏರಬೇಕೆಂದರೆ ಮೂರೂವರೆ ಯೂನಿಟ್ ಬೇಕು. ಅಷ್ಟು ದೊಡ್ಡ ಟ್ಯಾಂಕ್ ಮನೆಯಲ್ಲೇ ಇರುವಾಗ ಬ್ಯಾಟರಿ ಯಾಕೆ?

ಮೊದಲು ಹಳೆಯ ನಾಲ್ಕು ಪ್ಯಾನೆಲ್‌ಗಳನ್ನು ನೇರವಾಗಿ ಗೀಸರ್‌ನ ನೀರು ಕಾಯಿಸುವ ಕಾಯಿಲ್‌ಗೆ ಕೊಟ್ಟೆ. ಸುಡು ಬಿಸಿಲಲ್ಲಿ ಸರಿಯಾಗಿತ್ತು. ಬಿಸಿಲು ಅರ್ಧಕ್ಕೆ ಇಳಿದರೆ ಶಾಖ ಕಾಲು ಭಾಗಕ್ಕೆ ಬೀಳುತ್ತಿತ್ತು. ಹನ್ನೊಂದನೇ ದಿನವೋ ಏನೋ, ನೀರು ಕಾದ ಮೇಲೆ ತಾನೇ ಆಫ್ ಮಾಡುವ ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಅಂಟಿಕೊಂಡು ನೀರು ಕುದಿಯಿತು. ಮನೆಯ ಎಸಿ ಕರೆಂಟಿಗೆ ಮಾಡಿದ ಥರ್ಮೋಸ್ಟಾಟ್, ಪ್ಯಾನೆಲ್‌ನಿಂದ ಬರುವ ಡಿಸಿ ಕರೆಂಟಿನ ಕಿಡಿಯನ್ನು ತುಂಡರಿಸುವುದಿಲ್ಲ. ಇದನ್ನು ಯಾರೂ ಮಾಡಬೇಡಿ.

ಆಮೇಲೆ ರಿಲೇ, ಅಂದರೆ ತಾನೇ ಆನ್ ಆಫ್ ಆಗುವ ಸ್ವಿಚ್. ಕಾಯಿಲ್‌ಗೆ ಬೇಕಾದ 2 ಕಿಲೋವಾಟ್ ಮಿಕ್ಕಿದರೆ ಆನ್, ಇಲ್ಲದಿದ್ದರೆ ಆಫ್. ಮೋಡದ ದಿನ ಅದು ಟಕ್ ಟಕ್ ಅಂತ ಬಡಿದುಕೊಳ್ಳುತ್ತಲೇ ಇತ್ತು. ಎರಡು ತಿಂಗಳಲ್ಲಿ ಸುಟ್ಟು ಹೋಯಿತು.

ಮೂರನೆಯದು ಗೆದ್ದಿತು. ಮೇನ್ ವೈರ್‌ಗೆ ಸಿಟಿ (ಹರಿಯುವ ಕರೆಂಟನ್ನು ಅಳೆಯುವ ಬಳೆ), ಲೆಕ್ಕ ಹಾಕಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಕಾಯಿಲ್‌ಗೆ ಎಸ್‌ಎಸ್‌ಆರ್ (ಅಲುಗುವ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇ). ಮಿಕ್ಕಿದ್ದು 800 ವಾಟ್ ಆದರೆ ಕಾಯಿಲ್‌ಗೆ ಹೋಗುವುದೂ ಅಷ್ಟೇ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಂದರೆ 50 ಸೈಕಲ್, ಅದರಲ್ಲಿ 20 ಮಾತ್ರ ಎಸ್‌ಎಸ್‌ಆರ್ ಬಿಡುತ್ತದೆ. ಇಪ್ಪತ್ತನ್ನೂ ಒಟ್ಟಿಗೆ ಬಿಟ್ಟಾಗ ಮನೆಯ ಲೈಟೆಲ್ಲ ಮಿಣುಕಿತು. ಹಂಚಿ ಬಿಡಬೇಕು. ಹೇಗೆ ಹಂಚಬೇಕು ಅನ್ನೋದು ಮೂರು ವಾರ ಕೂತು ಕಂಡುಕೊಂಡ ಲೆಕ್ಕ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮೋಡ ಹಾಯುವಾಗ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನೂ ಅಷ್ಟೇ.

ಇಲ್ಲೂ ದುಡ್ಡು ಕಳೆದೆ. ಸಿಟಿಯನ್ನು ತಿರುಗಾಮುರುಗಾ ಹಾಕಿದ್ದೆ. ಗ್ರಿಡ್‌ನಿಂದ ಬರುವುದನ್ನೇ ಅದು ಮಿಕ್ಕಿದ್ದು ಅಂದುಕೊಂಡಿತು. ಒಂದು ವಾರ ರಾತ್ರಿಯಿಡೀ ಕೊಂಡ ಕರೆಂಟಿನಲ್ಲೇ ನೀರು ಕಾದಿತು. 40 ಆಂಪ್ ಎಂದು ಬರೆದಿದ್ದ ಎಸ್‌ಎಸ್‌ಆರ್ 9 ಆಂಪ್‌ಗೇ ಸತ್ತಿತು. ಅದರ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಚಿಕ್ಕದಾಗಿತ್ತು. ಎಸ್‌ಎಸ್‌ಆರ್ ಸಾಯುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಸಾಯುತ್ತದೆ, ಅಂದರೆ ಕಾಯಿಲ್ ಆನ್ ಆಗಿಯೇ ಉಳಿಯುತ್ತದೆ. ಅದಕ್ಕೇ ಈಗ ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಬೇರೆ ಕಟ್‌ಔಟ್, ಅದರ ಹಿಂದೆ ಒಂದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟ್ ತಾಳುವ ರಿಲೇ. ಇದರಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ನೀರನ್ನು 65 ಡಿಗ್ರಿಗೆ ಒಯ್ದು, ಮಿಕ್ಸಿಂಗ್ ವಾಲ್ವ್‌ನಲ್ಲಿ ತಣ್ಣೀರು ಬೆರೆಸಿ ನಲ್ಲಿಗೆ ಬಿಡುತ್ತೇನೆ. 60ರ ಕೆಳಗೆ ದಿನಗಟ್ಟಲೆ ಇಟ್ಟರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಭಯ. ಎರಡು ದಿನ ಮೋಡ ಕವಿದರೆ ಸಂಜೆ ಗ್ರಿಡ್‌ನಿಂದಲೇ ಕಾಯಿಸುತ್ತೇನೆ.

ನಡುವೆ ಫ್ರಿಜ್ ಮೇಲೂ ಕೈ ಇಟ್ಟೆ. ಫ್ರೀಜರ್‌ನಲ್ಲಿ 10 ಲೀಟರ್ ನೀರಿನ ಬಾಟಲಿ ತುಂಬಿ, ಹಗಲು ಗಟ್ಟಿ ಮಾಡಿ, ಸಂಜೆ ನಾಲ್ಕು ಗಂಟೆ ಫ್ರಿಜ್ ಆಫ್. ಮೇಲೆ ಐಸ್ ಐಸಾಗಿಯೇ ಇತ್ತು. ಕೆಳಗಿನ ಖಾನೆ 4 ಡಿಗ್ರಿಯಿಂದ 9ಕ್ಕೆ ಏರಿತು. ಉಳಿದದ್ದು ಅರ್ಧ ಯೂನಿಟ್ಟೂ ಇಲ್ಲ, ಬಿಟ್ಟೆ. ಬಟ್ಟೆ ಒಗೆಯುವ ಮಷಿನ್‌ನ ಹೊತ್ತನ್ನು ಸುಮ್ನೆ ಮಧ್ಯಾಹ್ನಕ್ಕೆ ತಳ್ಳಿದ್ದೇ ಜಾಸ್ತಿ ಉಪಯೋಗವಾಯಿತು.

ಈಗ ನಾಲ್ಕರಲ್ಲಿ ಮೂರು ಪಾಲು ಬಿಸಿಲು ಮನೆಯಲ್ಲೇ ಉಳಿಯುತ್ತದೆ. ಮೂರನೇ ಪ್ರಯತ್ನದ ಸಾಮಾನಿನ ದುಡ್ಡು ಏಳೆಂಟು ತಿಂಗಳಲ್ಲಿ ವಾಪಸ್ ಬಂತು. ಸುಟ್ಟದ್ದು, ಕೆಟ್ಟದ್ದು ಎಲ್ಲ ಸೇರಿಸಿದರೆ ವರ್ಷ ದಾಟಿತು. ಅಷ್ಟಾದರೂ ಬ್ಯಾಟರಿಗೆ ಕೇಳಿದ್ದರ ಹತ್ತರಲ್ಲೊಂದು ಪಾಲು ಮುಟ್ಟಲಿಲ್ಲ. ಆಗ ಬೇಡ ಎಂದವರಲ್ಲಿ ಇಬ್ಬರು ನನ್ನ ಹತ್ತಿರವೇ ಬಂದು ಮಾಡಿಸಿಕೊಂಡರು.

ಈಗ ಕಾರ್ ಚಾರ್ಜರ್ ಹಿಡಿದಿದ್ದೇನೆ. ಅದು 6 ಆಂಪ್‌ಗಿಂತ ಕೆಳಗೆ ಇಳಿಯುವುದಿಲ್ಲ, ಅಂದರೆ ಸುಮಾರು 1.4 ಕಿಲೋವಾಟ್. ಅದಕ್ಕಿಂತ ಕಮ್ಮಿ ಮಿಕ್ಕಾಗ ಗೀಸರ್‌ಗೆ, ಜಾಸ್ತಿಯಾದಾಗ ಕಾರಿಗೆ. ಈ ಅದಲು ಬದಲು ಇನ್ನೂ ಸಲೀಸಾಗಿ ಆಗುತ್ತಿಲ್ಲ.