ಮಡಚಿದ ಹಾಳೆಯೊಳಗೊಂದು ವಿಚಿತ್ರ ಪ್ರಾಣಿ

'ಮಿಸ್, ನಂಗೆ ಡ್ರಾಯಿಂಗ್ ಬರಲ್ಲ.' ಮಂಡ್ಯದಲ್ಲಿ ನಾನು ಯಾವ ಕ್ಲಾಸಿಗೆ ಹೋದರೂ ಮೊದಲು ಕೇಳುವ ಮಾತು ಇದೇ. ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ ಬರೆಸಿ ಬರೆಸಿ ನಾವೇ ಹೀಗೆ ಮಾಡಿದ್ದೇವೆ. ಅಂಥ ಮಕ್ಕಳಿಗೆ ಈ ಆಟ ಆಡಿಸಿ ನೋಡಿ.

ಮೂವರಿಗೆ ಒಂದು ಬಿಳಿ ಹಾಳೆ ಸಾಕು. ಮೂರು ಸಮ ಭಾಗ ಬರುವಂತೆ ಅಡ್ಡಕ್ಕೆ ಮಡಚಿ. ಮೇಲಿನ ಭಾಗದಲ್ಲಿ ಮೊದಲ ಮಗು ತಲೆ ಬರೆಯಲಿ. ಎಮ್ಮೆಯದ್ದೋ, ಅಜ್ಜಿಯದ್ದೋ, ತಲೆಯ ಜಾಗದಲ್ಲಿ ಕುಕ್ಕರ್ರೋ, ಏನಾದರೂ ಸರಿ. ಕತ್ತಿನ ಎರಡು ಗೆರೆ ಮಾತ್ರ ಮಡಿಕೆ ದಾಟಿ ಒಂಚೂರು ಕೆಳಗಿಳಿಯಬೇಕು. ಆಮೇಲೆ ತಲೆ ಕಾಣದ ಹಾಗೆ ಹಿಂದಕ್ಕೆ ಮಡಚಿ ಪಕ್ಕಕ್ಕೆ ದಾಟಿಸಲಿ. ಎರಡನೆಯ ಮಗು ಆ ಗೆರೆ ಹಿಡಿದು ಹೊಟ್ಟೆ, ಕೈ ಬರೆದು, ಸೊಂಟದ ಗೆರೆಯನ್ನು ಕೆಳಕ್ಕೆ ಬಿಡುತ್ತದೆ. ಮೂರನೆಯದ್ದು ಕಾಲು. ಗೆರೆ ದಾಟಿಸಿ ಅಂತ ಹೇಳುವುದನ್ನು ಮೊದಲ ಸಲ ನಾನೇ ಮರೆತಿದ್ದೆ. ಹಾಳೆ ಬಿಚ್ಚಿದರೆ ತಲೆ ಒಂದು ಕಡೆ, ಮುಂಡ ಒಂದು ಕಡೆ! ಪೂರ್ತಿ ಪಿರಿಯಡ್ ಹಾಳು.

ಬರೆದದ್ದು ಯಾರು ಅಂತ ಬೆರಳು ತೋರಿಸುವ ಹಾಗಿಲ್ಲ. ಡ್ರಾಯಿಂಗ್ ಬರಲ್ಲ ಎನ್ನುವ ಮಗುವಿನ ಭಯ ಹೋಗುವುದೇ ಇಲ್ಲಿ.

1925ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆಟನ್ ಎಂಬ ಕವಿ ಮತ್ತು ಗೆಳೆಯರು ಆಡುತ್ತಿದ್ದ ಆಟ ಇದು. ಬ್ರೆಟನ್ ಸರ್ರಿಯಲಿಸಂ ಎಂಬ ಕಲಾ ಚಳವಳಿಯ ಪ್ರಣಾಳಿಕೆ ಬರೆದದ್ದು 1924ರಲ್ಲಿ. ಲೆಕ್ಕಾಚಾರದ ಬುದ್ಧಿ ಪಕ್ಕಕ್ಕಿರಲಿ, ಕನಸಿನಂತೆ ಚಿತ್ರ ತಾನಾಗಿ ಬರಲಿ ಅನ್ನುವುದು ಅವರ ಹಟ. ಮಕ್ಕಳಿಗೆ ಇದನ್ನೆಲ್ಲ ಮೊದಲೇ ಹೇಳಬೇಡಿ. ರಾಜ್ಯದ ಲಾಂಛನದಲ್ಲಿರುವ ಎರಡು ತಲೆಯ ಗಂಡಭೇರುಂಡ ತೋರಿಸಿ. ಸೋಮನಾಥಪುರಕ್ಕೆ ಟ್ರಿಪ್ ಹೋದವರಿಗೆ ಗುಡಿಯ ಬುಡದಲ್ಲಿರುವ ಮಕರ ನೆನಪಿಸಿ. ಬೇರೆ ಬೇರೆ ಪ್ರಾಣಿ ಸೇರಿಸಿ ಹೊಸದೊಂದು ಮಾಡುವುದು ನಮಗೇನು ಹೊಸತಲ್ಲ, ಅಲ್ವಾ?

ಮುಂದಿನ ವಾರ ಉಜ್ಜುವ ಆಟ. ಅರಳಿ ಎಲೆ, ಈಚಲು ಚಾಪೆ, ಕಿಟಕಿಯ ಜಾಲರಿ, ಯಾವುದರ ಮೇಲಾದರೂ ತೆಳು ಹಾಳೆ ಇಟ್ಟು ಕ್ರೇಯಾನನ್ನು ಮಲಗಿಸಿ ಉಜ್ಜಬೇಕು. 1925ರಲ್ಲಿ ಅದೇ ಚಳವಳಿಯ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಹಳೇ ಮರದ ನೆಲದ ಮೇಲೆ ಮಾಡಿದ್ದು ಇದನ್ನೇ. ಮೂಡಿದ ಗುರುತಿನಲ್ಲಿ ಮೀನೋ ಕಾಡೋ ಕಂಡರೆ ಗೆರೆ ಸೇರಿಸಿ ಮುಗಿಸಲಿ.

ಅದೇ ಚಳವಳಿಯ ಇನ್ನೊಬ್ಬ ಚಿತ್ರಕಾರ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ ಕರಗುವ ಗಡಿಯಾರಗಳ ಚಿತ್ರವನ್ನು ಕೊನೆಗೆ ತೋರಿಸಿ. ಆಲೆಮನೆ ಕಂಡ ಮಕ್ಕಳಿಗೆ ಬಿಸಿ ಪಾಕ ಇಳಿಯುವುದು ಗೊತ್ತು, ಜಾಸ್ತಿ ವಿವರಿಸಬೇಕಿಲ್ಲ.

ಮಾರ್ಕ್ಸ್ ಬೇಡ. ಚಿತ್ರಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ, ಪ್ರತಿ ಪ್ರಾಣಿಗೂ ಹೆಸರು, ಊಟ, ಊರು ಕೇಳಿ. ನಮ್ಮ ಕುಕ್ಕರ್ ತಲೆಯವನ ಬಗ್ಗೆ ಒಬ್ಬ ಹುಡುಗ ಹೇಳಿದ್ದು: 'ಮೂರು ವಿಶಲ್ ಆಗೋವರ್ಗೂ ಇವ್ನು ಮಾತಾಡಲ್ಲ ಮಿಸ್.'