‘ಕಬ್ಬಿನ ಕಿಟ್ಟ’ನ ಹೆಸರು ಉಳಿಸಿಕೊಂಡ ಬಗೆ

ಮಂಡ್ಯ ಸೀಮೆಯ ಹುಡುಗನೊಬ್ಬನ ಚಿತ್ರಕಥೆ ಸರಣಿಗೆ ‘ಕಬ್ಬಿನ ಕಿಟ್ಟ’ ಎಂದು ಹೆಸರಿಟ್ಟ ಮೇಲೆ ನಾನು ಮೊದಲು ಮಾಡಿದ್ದು ಎರಡು ಕಡತ ತೆರೆದದ್ದು. ಕಥೆ, ಚಿತ್ರಗಳದ್ದು ಕೃತಿಸ್ವಾಮ್ಯದ (ಕಾಪಿರೈಟ್) ಕಡತ. ಹೆಸರಿನದು ಟ್ರೇಡ್‌ಮಾರ್ಕ್ ಕಡತ.

ಕೃತಿಸ್ವಾಮ್ಯ ಬರೆದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಎರಡು ಪದದ ಹೆಸರನ್ನು ಅದು ಕಾಯುವುದಿಲ್ಲ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 2001ರಲ್ಲಿ ತೀರಿಕೊಂಡರು. ಅವರ ಕಥೆಗಳ ಹಕ್ಕು ಸಾವಿನ ನಂತರ 60 ವರ್ಷ, ಅಂದರೆ 2061ರ ಕೊನೆಯವರೆಗೆ. ಆದರೆ ಯಾರಾದರೂ ಹೋಟೆಲಿನ ಬೋರ್ಡಿನಲ್ಲಿ ಅವರ ಕಥೆಗಳ ಕಾಲ್ಪನಿಕ ಊರು ‘ಮಾಲ್ಗುಡಿ’ಯ ಹೆಸರನ್ನಷ್ಟೇ ಬರೆದರೆ ಏಳುವ ಪ್ರಶ್ನೆ ಟ್ರೇಡ್‌ಮಾರ್ಕಿನದು.

ಅರ್ಜಿಗೆ ಮುಂಚೆ, ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಹುಡುಕಬೇಕು. ‘ಕಿಟ್ಟ’ವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಟಿ, ಎರಡು ಟಿ, ಕೊನೆಗೆ ಎಚ್ ಸೇರಿಸಿ, ಹೀಗೆ ಬೇರೆ ಬೇರೆ ಕಾಗುಣಿತದಲ್ಲಿ ನೋಡಿದೆ. ಉಚ್ಚಾರಣೆ ಹತ್ತಿರವಿದ್ದರೂ ಆಕ್ಷೇಪ ಬರುತ್ತದೆ. ನೋಂದಣಿಯ ಟಿಎಂ-ಎ ಅರ್ಜಿಯಲ್ಲಿ ಹೆಸರನ್ನು ಯಾವ ಬಗೆಯ ಸರಕಿಗೆ ಬಳಸುತ್ತೇವೆ ಎಂಬ ವರ್ಗ ಹೇಳಬೇಕು: ಪುಸ್ತಕಕ್ಕೆ 16ನೇ ವರ್ಗ, ಆಟಿಕೆಗೆ 28. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಸಲ್ಲಿಸಿದರೆ ವರ್ಗಕ್ಕೆ ₹4,500, ಎರಡಕ್ಕೆ ₹9,000. ಕನ್ನಡ ಲಿಪಿಯ ಹೆಸರಾದರೆ ಲಿಪ್ಯಂತರ, ಅರ್ಥ ಎರಡೂ ಕೊಡಬೇಕು. ಹಿಂದಿನಿಂದಲೇ ಬಳಸುತ್ತಿದ್ದೇವೆ ಎಂದರೆ ಅಫಿಡವಿಟ್ ಜೊತೆಗೆ ದಾಖಲೆ ಬೇಕು. ಮೊದಲ ಮಾರಾಟದ ಬಿಲ್ ಜೋಪಾನವಾಗಿರಲಿ.

ಬೆಲ್ಲ, ಮಿಠಾಯಿಯ 30ನೇ ವರ್ಗವನ್ನು ನಾನು ಬಿಟ್ಟೆ. ಬೆಲ್ಲದ ಪೊಟ್ಟಣದ ಮೇಲೆ ‘ಕಬ್ಬು’ ಸರಕಿನ ವರ್ಣನೆಯಾಗುತ್ತದೆ, ಆ ಪದ ಒಬ್ಬರ ಸೊತ್ತಾಗದು. ಪುಸ್ತಕದ ಮೇಲಾದರೆ ಅದಕ್ಕೆ ಹಾಗೆ ಅಂಟುವ ಅರ್ಥವಿಲ್ಲ. ಬೇಡದ ವರ್ಗ ಹಿಡಿದು ಐದು ವರ್ಷಕ್ಕೂ ಮೀರಿ ಬಳಸದಿದ್ದರೆ ಬೇರೆಯವರು ತೆಗೆಸಲು ಅರ್ಜಿ ಹಾಕಬಹುದು.

ಅರ್ಜಿ ನೋಡಿ ರಿಜಿಸ್ಟ್ರಿ ಆಕ್ಷೇಪಗಳನ್ನು ತಿಳಿಸುವ ಪರೀಕ್ಷಾ ವರದಿಗೆ 30 ದಿನದೊಳಗೆ ಉತ್ತರ ಹೋಗಲೇಬೇಕು. ಇಲ್ಲಿ ಮೈಮರೆತು ಅರ್ಜಿ ಕಳೆದುಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರ ವಿರೋಧಕ್ಕೆ 4 ತಿಂಗಳು. ನೋಂದಣಿ 10 ವರ್ಷದ್ದು, ಮತ್ತೆ ನವೀಕರಿಸಬಹುದು. ಅರ್ಜಿ ಹಾಕಿದ ಮೇಲೆ ಟಿಎಂ ಗುರುತು ಸಾಕು. ವೃತ್ತದೊಳಗಿನ ಆರ್ ಅನ್ನು ನೋಂದಣಿಗೆ ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ.

ಕಿಟ್ಟನ ಮುಖ ಬಿಡಿಸಿದ ಕಲಾವಿದರಿಂದ ಹಕ್ಕನ್ನು ಬರಹದಲ್ಲೇ, ಸಹಿಯೊಂದಿಗೆ ಪಡೆಯಿರಿ. ಅವಧಿ ಬರೆಯದಿದ್ದರೆ ಕಾನೂನಿನ ಲೆಕ್ಕದಲ್ಲಿ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನನ್ನ ಒಪ್ಪಂದದಲ್ಲಿ ‘ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ’ ಎಂದೇ ಬರೆಸಿದ್ದೇನೆ.